ಎಂಜಿನ್ ಕೊಟ್ಟ ಅಂಕಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಚೆಸ್ ಪಂದ್ಯಗಳ ವರದಿಗಳಲ್ಲಿ ‘ಎಂಜಿನ್ ಪ್ರಕಾರ ಬಿಳಿಗೆ +3.2’ ಎಂಬಂಥ ಸಾಲು ಈಗ ಮಾಮೂಲಾಗಿದೆ. ಎಂಜಿನ್ ಎಂದರೆ ಚೆಸ್ ಸ್ಥಿತಿಗಳನ್ನು ವಿಶ್ಲೇಷಿಸುವ ಕಂಪ್ಯೂಟರ್ ಪ್ರೋಗ್ರಾಂ, ಅಂಕಿ ಎಂದರೆ ಯಾರಿಗೆ ಎಷ್ಟು ಮೇಲುಗೈ ಎಂಬ ಅದರ ಅಂದಾಜು. ಯಾವ ಎಂಜಿನ್, ಯಾವ ಆವೃತ್ತಿ, ಎಷ್ಟು ಹೊತ್ತು ಹುಡುಕಿ ಆ ಅಂಕಿ ಕೊಟ್ಟಿತು ಎಂಬ ವಿವರ ಮಾತ್ರ ಸಿಗುವುದಿಲ್ಲ. ಸರಳ ಸ್ಥಿತಿಗಳಲ್ಲಿ ಇದರಿಂದ ಹೆಚ್ಚಿನ ನಷ್ಟವಿಲ್ಲ. ಒಳ್ಳೆಯ ಎಂಜಿನ್‌ಗಳೆಲ್ಲ ಅಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಆದರೆ ಕಾಯಿಯ ಬಲಿ ಅಡಗಿರುವ ತೊಡಕಿನ ಸ್ಥಿತಿಯಲ್ಲಿ ಒಂದೇ ಎಂಜಿನ್ ಐದನೇ ಸೆಕೆಂಡಿನಲ್ಲಿ ಒಂದು ಹೇಳಿ ಐವತ್ತನೇ ಸೆಕೆಂಡಿನಲ್ಲಿ ಅದಕ್ಕೆ ತದ್ವಿರುದ್ಧವಾದುದನ್ನು ಹೇಳಬಹುದು. ಓದುಗರು ಮನೆಯಲ್ಲಿ ಅದೇ ಸ್ಥಿತಿಯನ್ನು ಹಾಕಿ ನೋಡಿದಾಗ ಬೇರೆ ಉತ್ತರ ಬಂದು ಗೊಂದಲವಾಗುವುದು ಇಲ್ಲಿಯೇ.

1998ರ ಲಿನಾರೆಸ್ ಟೂರ್ನಿಯ ಟೊಪಲೋವ್–ಶಿರೋವ್ ಆಟವನ್ನೇ ನೋಡಿ. ಬಿಳಿಯ ರಾಜ ಜಿ1, ಬಿಷಪ್ ಸಿ3, ಪಾನ್‌ಗಳು ಜಿ2 ಮತ್ತು ಎಚ್4. ಕಪ್ಪಿನ ರಾಜ ಇ6, ಬಿಷಪ್ ಎಫ್5, ಪಾನ್‌ಗಳು ಎ4, ಡಿ5, ಎಫ್6, ಜಿ6. ನಡೆ ಕಪ್ಪಿನದು. ಕಪ್ಪಿಗೆ ಎರಡು ಪಾನ್ ಹೆಚ್ಚು, ನಿಜ. ಆದರೆ ಬಿಷಪ್‌ಗಳು ಬೇರೆ ಬೇರೆ ಬಣ್ಣದ ಮನೆಗಳಲ್ಲಿವೆ. ಬಿಳಿಯ ರಾಜ ನಡುವಿಗೆ ಬಂದು ಅಡ್ಡಗಟ್ಟಿದರೆ ಆಟ ಡ್ರಾ ಕಡೆಗೆ ವಾಲುತ್ತದೆ. ಶಿರೋವ್ 47ನೇ ನಡೆಯಲ್ಲಿ ಬಿಷಪ್ಪನ್ನು ಎಚ್3ರಲ್ಲಿಟ್ಟು ಜಿ2ರ ಪಾನಿಗೆ ಒಡ್ಡಿದರು. ಬಿಷಪ್ ಸರಿದದ್ದರಿಂದ ಎಫ್5 ಮನೆ ತಮ್ಮ ರಾಜನಿಗೆ ತೆರವಾಯಿತು, ಬಿಷಪ್ಪನ್ನು ಹೊಡೆಯಲು ಬಿಳಿ ಒಂದು ನಡೆ ಕಳೆಯಿತು. ರಾಜ ಎಫ್5, ಇ4 ದಾಟಿ, ಡಿ ಪಾನನ್ನು ಮುಂದಕ್ಕೆ ತಳ್ಳಿ, 53ನೇ ನಡೆಯಲ್ಲಿ ಬಿ3 ತಲುಪಿದಾಗ ಟೊಪಲೋವ್ ಸೋಲೊಪ್ಪಿಕೊಂಡರು. ಹೊಡೆಯದೆ ರಾಜನನ್ನು ಎಫ್2ಕ್ಕೆ ತಂದರೂ ಉಳಿವಿಲ್ಲ: ಕಪ್ಪು ರಾಜ ಎಫ್5, ಬಿಳಿ ರಾಜ ಎಫ್3, ಬಿಷಪ್ ಜಿ2ರ ಪಾನನ್ನು ಹೊಡೆದು ಚೆಕ್, ರಾಜ ಅದನ್ನು ಹೊಡೆದರೆ ಕಪ್ಪು ರಾಜ ಇ4. ದಾರಿ ಮತ್ತೆ ಅದೇ.

ಈ ಒಂದು ನಡೆ ಎಂಜಿನ್‌ಗಳಿಗೆ ಬಹುಕಾಲ ಕಠಿಣ ಪರೀಕ್ಷೆಯಾಗಿತ್ತು. ಏಕೆಂದು ಲೆಕ್ಕ ಹಾಕಿ ನೋಡಿ. ಬಿಷಪ್ ಕೊಟ್ಟಾಗಿನಿಂದ ರಾಜ ಬಿ3 ತಲುಪುವವರೆಗೆ 13 ಅರೆನಡೆ (ಒಂದು ಬದಿಯ ಒಂದು ನಡೆಯೇ ಅರೆನಡೆ). ಅಲ್ಲಿಂದ ಎ ಪಾನ್ ಕ್ವೀನ್ ಆಗಲು ಇನ್ನೂ 6. ಕೊಟ್ಟ ಕಾಯಿ ಲೆಕ್ಕಕ್ಕೆ ವಾಪಸು ಬರುವುದು 19ನೇ ಅರೆನಡೆಯ ಹೊತ್ತಿಗೆ. ಸಾಲದ್ದಕ್ಕೆ ದಾರಿಯಲ್ಲಿ ಎಫ್6ರ ಪಾನ್ ಕೂಡ ಹೋಗಿರುತ್ತದೆ. ಕಪ್ಪಿನ ನಡೆಗಳಲ್ಲಿ ಚೆಕ್ ಇಲ್ಲ, ಹೊಡೆತವಿಲ್ಲ. ಎಲ್ಲವೂ ಸದ್ದಿಲ್ಲದ ನಡೆಗಳು. ಸ್ಟಾಕ್‌ಫಿಶ್ ಮಾದರಿಯ ಎಂಜಿನ್‌ಗಳು ಇಂಥವನ್ನೇ ಕಡೆಗಣಿಸುವಂತೆ ರೂಪುಗೊಂಡಿವೆ, ಮತ್ತು ಅವುಗಳ ವೇಗದ ಗುಟ್ಟೂ ಅದೇ. ಮೊದಲು ನಡೆಗಳನ್ನು ಭರವಸೆಯ ಕ್ರಮದಲ್ಲಿ ಜೋಡಿಸುತ್ತವೆ, ಸಾಲಿನ ಹಿಂದೆ ಬಿದ್ದವನ್ನು ಕಡಿಮೆ ಆಳಕ್ಕೆ, ಅಂದರೆ ಮುಂದಿನ ಕಡಿಮೆ ನಡೆಗಳವರೆಗೆ, ಮಾತ್ರ ನೋಡುತ್ತವೆ. ಒಂದು ಮನೆಯ ಮೇಲೆ ಹೊಡೆದಾಟ ನಡೆದರೆ ಯಾರಿಗೆ ಎಷ್ಟು ನಷ್ಟ ಎಂದು ಕ್ಷಣದಲ್ಲಿ ಎಣಿಸಿ, ನಷ್ಟ ಹೆಚ್ಚೆನಿಸಿದರೆ ಹುಡುಕಾಟದ ತುದಿಭಾಗದಲ್ಲಿ ಆ ನಡೆಯನ್ನು ಕತ್ತರಿಸಿಬಿಡುತ್ತವೆ. ಬಿಷಪ್ ಎಚ್3 ಎರಡೂ ಜರಡಿಗಳಲ್ಲಿ ಸಿಕ್ಕಿಬೀಳುತ್ತದೆ. ಸರದಿಯನ್ನೇ ಬಿಟ್ಟುಕೊಟ್ಟರೂ ಮೇಲುಗೈ ಉಳಿಯುತ್ತದೆಯೇ ಎಂದು ನೋಡಿ ಆ ಸಾಲಿನ ಹುಡುಕಾಟವನ್ನು ಕತ್ತರಿಸುವ ಇನ್ನೊಂದು ಉಪಾಯವಿದೆ. ನಡೆಯಬೇಕಾಗಿ ಬಂದದ್ದರಿಂದಲೇ ಸೋಲುವ ತ್ಸುಗ್‌ಜ್ವಾಂಗ್ ಸ್ಥಿತಿಗಳಲ್ಲಿ ಅದು ದಾರಿ ತಪ್ಪುತ್ತದೆ. ಅದಕ್ಕಾಗಿಯೇ ಸ್ಟಾಕ್‌ಫಿಶ್, ನಡೆಯುವವನ ಬಳಿ ರಾಜ ಮತ್ತು ಪಾನ್‌ಗಳು ಮಾತ್ರ ಉಳಿದಿದ್ದರೆ ಆ ಉಪಾಯವನ್ನು ಕೈಬಿಡುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಬಲಿ ಕೊಡುವ ನಡೆ ಹಲಗೆಯ ಮೇಲಿನ ಮೊದಲ ನಡೆಯೇ ಆಗಿದ್ದರೆ ಎಂಜಿನ್ ಅದನ್ನು ಕತ್ತರಿಸಿ ಹಾಕುವುದಿಲ್ಲ, ಆಳ ತಗ್ಗಿಸಿ ನೋಡುತ್ತದೆಯಷ್ಟೆ. ಅದೇ ಬಲಿ ಎರಡು ಮೂರು ನಡೆ ಮುಂದಿದ್ದರೆ ಕತ್ತರಿಗೆ ಸಿಗುವ ಸಂಭವ ಹೆಚ್ಚು. ಆದ್ದರಿಂದ ಎಂಜಿನ್‌ಗಳ ನಿಜವಾದ ಸತ್ವ ಗೊತ್ತಾಗಬೇಕಾದರೆ ಎರಡು ನಡೆ ಹಿಂದಿನ ಸ್ಥಿತಿಯಿಂದಲೂ ಪರೀಕ್ಷಿಸಬೇಕು.

ಲೀಲಾ ಚೆಸ್ ಝೀರೋ ಎಂಬ ಇನ್ನೊಂದು ಎಂಜಿನ್ ಎಡವುವ ಬಗೆಯೇ ಬೇರೆ. ಅದರ ನರಜಾಲ (ತರಬೇತಿಯಿಂದ ಕಲಿತ ಲೆಕ್ಕಾಚಾರದ ಜಾಲ) ಪ್ರತಿಯೊಂದು ನಡೆಗೂ ಇಷ್ಟು ಪಾಲು ಗಮನ ಎಂದು ಮೊದಲೇ ಹಂಚುತ್ತದೆ. ವಿಚಿತ್ರವಾಗಿ ಕಾಣುವ ಕ್ವೀನ್ ಬಲಿಗೆ ಆ ಹಂಚಿಕೆಯಲ್ಲಿ ಚೂರುಪಾರು ಸಿಕ್ಕರೆ ಲೀಲಾ ಅತ್ತ ಹೋಗುವುದೇ ತೀರ ಅಪರೂಪ. ಹೋದರೂ, ಹತ್ತು ಉತ್ತರಗಳಲ್ಲಿ ಒಂಬತ್ತು ಚೆನ್ನಾಗಿದ್ದು ಒಂದು ಮಾತ್ರ ಮುಳುಗಿಸುವಂಥದ್ದಾದರೆ, ಆ ಒಂದಕ್ಕೆ ಭೇಟಿಗಳು (ಹುಡುಕಾಟ ಆ ನಡೆಯನ್ನು ನೋಡಿದ ಸಲಗಳು) ಕೂಡಿಬರುವವರೆಗೆ ಸರಾಸರಿಯಲ್ಲಿ ಅದರ ವಿಷ ತೆಳುವಾಗಿಯೇ ಇರುತ್ತದೆ. ಕೂದಲೆಳೆಯಷ್ಟು ಕಿರಿದಾದ, ಉದ್ದನೆಯ ಬಲವಂತದ ಸಾಲುಗಳಲ್ಲಿ ಅದು ತಡಮಾಡುವುದು ಹೀಗೆ. ಇನ್ನೊಂದೆಡೆ, ಕಾಯಿ ಕೊಟ್ಟು ಹತ್ತಾರು ನಡೆಗಳ ಒತ್ತಡ ಪಡೆಯುವಂಥ ದೀರ್ಘಕಾಲದ ಬಲಿಯನ್ನು ಅದು ಬಹುಬೇಗ ಗುರುತಿಸುತ್ತದೆ. ಹುಡುಕಾಟದ ಅಂಕಿಅಂಶಗಳನ್ನು ತೆರೆದಿಟ್ಟುಕೊಂಡರೆ ಪ್ರತಿ ನಡೆಗೆ ಮೊದಲು ಸಿಕ್ಕ ಪಾಲು, ಆಮೇಲೆ ನಡೆದ ಭೇಟಿಗಳ ಸಂಖ್ಯೆ, ಕಂಡ ಮೌಲ್ಯ ಮೂರೂ ಕಾಣುತ್ತವೆ. ಅಂತಿಮ ಅಂಕಿಗಿಂತ ಇವು ಹೆಚ್ಚು ಕಲಿಸುತ್ತವೆ.

ಇಂಥ ಎರಡು ಎಂಜಿನ್‌ಗಳನ್ನು ‘ಇದು 30 ಆಳಕ್ಕೆ ಹೋಯಿತು, ಅದು 14ಕ್ಕೆ ಮಾತ್ರ’ ಎಂದು ಹೋಲಿಸುವುದು ಶುದ್ಧ ತಪ್ಪು. ಆಳ ಎಂಬ ಪದಕ್ಕೆ ಎರಡರಲ್ಲೂ ಒಂದೇ ಅರ್ಥವಿಲ್ಲ. ನೋಡಿದ ಸ್ಥಿತಿಗಳ ಸಂಖ್ಯೆಯನ್ನೂ ಹೋಲಿಸುವಂತಿಲ್ಲ. ಲೀಲಾಗೆ ಮಾದರಿಯಾದ ಆಲ್ಫಾಝೀರೋ ಕುರಿತ 2017ರ ಪ್ರಬಂಧದಲ್ಲಿ ಅದು ಸೆಕೆಂಡಿಗೆ 80 ಸಾವಿರ ಸ್ಥಿತಿಗಳನ್ನೂ ಎದುರಿಗಿದ್ದ ಸ್ಟಾಕ್‌ಫಿಶ್ 7 ಕೋಟಿ ಸ್ಥಿತಿಗಳನ್ನೂ ನೋಡುತ್ತಿತ್ತು. ಅಂದರೆ 875 ಪಟ್ಟು ಅಂತರ. ಹೋಲಿಕೆಗೆ ಉಳಿಯುವ ಅಳತೆಗೋಲು ಗಡಿಯಾರವೊಂದೇ. ಅದೂ ಲೀಲಾಗೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಇದ್ದಾಗ ಮಾತ್ರ. ಬರೀ ಪ್ರೊಸೆಸರ್ ಮೇಲೆ ಓಡಿಸಿ ಲೀಲಾ ದುರ್ಬಲ ಎಂದು ತೀರ್ಮಾನಿಸುವುದು ನ್ಯಾಯವಲ್ಲ.

ಪರೀಕ್ಷೆಯ ಕ್ರಮವೂ ಕಷ್ಟದ್ದೇನಲ್ಲ, ಶಿಸ್ತು ಬೇಕು. ಸ್ಥಿತಿಯನ್ನು ಕೈಯಿಂದ ಜೋಡಿಸುವ ಬದಲು ಫೆನ್ ಸಾಲಾಗಿ (ಇಡೀ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಬರೆಯುವ ಸಂಕೇತ) ಕೊಡಬೇಕು. ಅದರ ಆರು ಭಾಗಗಳಲ್ಲಿ ಕಾಯಿಗಳ ಜೋಡಣೆ ಒಂದು ಭಾಗ ಮಾತ್ರ. ಯಾರ ಸರದಿ, ಕ್ಯಾಸಲಿಂಗ್ ಹಕ್ಕು, ಆನ್ ಪಾಸಾನ್ ಮನೆ (ಎರಡು ಮನೆ ಜಿಗಿದ ಪಾನನ್ನು ಪಾನ್ ಹೊಡೆದು ನಿಲ್ಲುವ ಮನೆ), 50 ನಡೆಗಳ ನಿಯಮದ ಎಣಿಕೆ, ನಡೆಯ ಸಂಖ್ಯೆ ಉಳಿದವು. ಕ್ಯಾಸಲಿಂಗ್ ಹಕ್ಕನ್ನು ತಪ್ಪಾಗಿ ಕೊಟ್ಟರೆ ಇಲ್ಲದ ರಕ್ಷಣೆ ಹುಟ್ಟಿಕೊಂಡು ಇಡೀ ಹೋಲಿಕೆ ಹಾಳಾಗುತ್ತದೆ. ಸ್ಟಾಕ್‌ಫಿಶ್ ಮೂಲತಃ 1 ಥ್ರೆಡ್, 16 ಎಂಬಿ ಹ್ಯಾಶ್‌ನೊಂದಿಗೆ ಬರುತ್ತದೆ. ಥ್ರೆಡ್ ಎಂದರೆ ಪ್ರೊಸೆಸರ್‌ನಲ್ಲಿ ಒಟ್ಟೊಟ್ಟಿಗೆ ಓಡುವ ಹುಡುಕಾಟದ ಎಳೆ, ಹ್ಯಾಶ್ ಎಂದರೆ ನೋಡಿದ ಸ್ಥಿತಿಗಳ ಲೆಕ್ಕ ಇಟ್ಟುಕೊಳ್ಳುವ ನೆನಪಿನ ಜಾಗ. ನಿಮಿಷಗಟ್ಟಲೆ ವಿಶ್ಲೇಷಣೆಗೆ ಅದು ಏನೇನೂ ಸಾಲದು, 1024 ಎಂಬಿಯಾದರೂ ಇರಲಿ. ಹ್ಯಾಶ್ ತುಂಬಿದ ಪ್ರಮಾಣವನ್ನು ಎಂಜಿನ್ ಸಾವಿರಕ್ಕೆ ಇಷ್ಟು ಎಂದು ತೋರಿಸುತ್ತದೆ. 1000ದ ಹತ್ತಿರ ಬಂದರೆ ಹಳೆಯ ಲೆಕ್ಕಗಳು ಅಳಿಸಿಹೋಗುತ್ತಿವೆ ಎಂದರ್ಥ. ಮಲ್ಟಿಪಿವಿ (ಒಟ್ಟಿಗೆ ತೋರಿಸಬೇಕಾದ ಸಾಲುಗಳ ಸಂಖ್ಯೆ) 1ರಲ್ಲಿರಲಿ. ನಾಲ್ಕು ಸಾಲುಗಳನ್ನು ಒಟ್ಟಿಗೆ ಕೇಳಿದರೆ ಸಮಯ ಹಂಚಿಹೋಗಿ ಆಳ ಕುಗ್ಗುತ್ತದೆ. ಆದರೂ ಕೆಲವು ಸಲ ಅಡಗಿದ್ದ ಬಲಿ ಆಗಲೇ ಬೇಗ ಹೊರಬೀಳುವುದುಂಟು, ಏಕೆಂದರೆ ಹಿಂದಿನ ಸಾಲಿನ ನಡೆಗಳಿಗೂ ಆಗ ಪೂರ್ಣ ಗಮನ ಸಿಗುತ್ತದೆ. ವಿಶ್ಲೇಷಣೆಗೆ ಇದು ಒಳ್ಳೆಯ ಉಪಾಯ, ವೇಗದ ಹೋಲಿಕೆಗೆ ಅಲ್ಲ.

ಪ್ರತಿ ಸಲವೂ ಮೊದಲು ಹ್ಯಾಶ್ ಖಾಲಿ ಮಾಡಬೇಕು. ಬಹುಪಾಲು ಹೋಲಿಕೆಗಳು ಕೆಡುವುದು ಇದೊಂದನ್ನು ಮರೆತದ್ದರಿಂದ. ಉತ್ತರದ ನಡೆಯನ್ನು ಒಮ್ಮೆ ಹಲಗೆಯ ಮೇಲೆ ಆಡಿ ತೋರಿಸಿ ಹಿಂದಕ್ಕೆ ಬಂದರೆ, ಎಂಜಿನ್ ಆ ಫಲಿತಾಂಶವನ್ನು ಹ್ಯಾಶ್‌ನಿಂದ ಎತ್ತಿಕೊಂಡು ತಕ್ಷಣ ಸರಿಯಾದ ನಡೆ ಹೇಳುತ್ತದೆ. ಅದು ಕಂಡುಹಿಡಿದದ್ದಲ್ಲ, ನೆನಪಿಟ್ಟುಕೊಂಡದ್ದು. ಸ್ಥಿತಿಯ ನಿಜ ತಿಳಿಯಲು ಹೀಗೆ ಮುಂದೆ ಹೋಗಿ ಹಿಂದೆ ಬರುವುದೇ ಉತ್ತಮ ವಿಧಾನ. ಯಾವ ಎಂಜಿನ್ ಬೇಗ ಕಂಡಿತು ಎಂದು ಹೇಳಲು ಮಾತ್ರ ಅದನ್ನು ಬಳಸಬಾರದು.

ಹಲವು ಥ್ರೆಡ್‌ಗಳಿದ್ದಾಗ ಪ್ರತಿ ಓಟದ ಫಲಿತಾಂಶವೂ ಬೇರೆ. ಎಲ್ಲ ಥ್ರೆಡ್‌ಗಳೂ ಒಂದೇ ಹ್ಯಾಶ್‌ಗೆ ಬರೆಯುತ್ತ ಓದುತ್ತ ಇರುತ್ತವೆ, ಯಾವುದು ಯಾವಾಗ ಬರೆಯಿತು ಎಂಬುದು ಒಂದೊಂದು ಸಲ ಒಂದೊಂದು ರೀತಿ. ಹೀಗಾಗಿ ಐದು ಸಲ ಓಡಿಸಿ, ಸಮಯಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು ತೆಗೆದುಕೊಳ್ಳಬೇಕು. ಸರಾಸರಿ ಬೇಡ, ಒಂದು ಓಟ ತೀರ ತಡವಾದರೂ ಅದು ದಿಕ್ಕುತಪ್ಪಿಸುತ್ತದೆ. ಪ್ರತಿ ಓಟದಲ್ಲೂ ಎರಡು ಸಮಯ ಗುರುತಿಸಿಕೊಳ್ಳಬೇಕು: ಸರಿಯಾದ ನಡೆ ಮೊದಲ ಸಲ ಮೇಲೆ ಬಂದದ್ದು ಯಾವಾಗ, ಮತ್ತೆ ಕೆಳಗಿಳಿಯದಂತೆ ನೆಲೆನಿಂತದ್ದು ಯಾವಾಗ. ಎರಡನೆಯದೇ ಮುಖ್ಯ. ನಡೆ ಸರಿಯಿದ್ದು ಅದರ ಹಿಂದಿನ ಸಾಲು ತಪ್ಪಾಗಿದ್ದರೆ ಅದನ್ನು ಕಂಡಂತೆ ಎಣಿಸಬಾರದು.

ಸಿಝಿಜಿ ಟೇಬಲ್‌ಬೇಸ್ (ಕೆಲವೇ ಕಾಯಿಗಳುಳಿದ ಸ್ಥಿತಿಗಳ ಖಚಿತ ಫಲಿತಾಂಶಗಳ ಸಂಗ್ರಹ) ಒಂದು ಎಂಜಿನ್‌ಗಿದ್ದು ಇನ್ನೊಂದಕ್ಕೆ ಇಲ್ಲದಿದ್ದರೂ ಹೋಲಿಕೆ ಸಮವಲ್ಲ. ಐದು ಕಾಯಿಗಳವರೆಗಿನದು ಸುಮಾರು 1 ಜಿಬಿ, ಆರು ಕಾಯಿಗಳದ್ದು 150 ಜಿಬಿಯಷ್ಟು. ಶಿರೋವ್ ಸ್ಥಿತಿಯಲ್ಲಿ ರಾಜರೂ ಸೇರಿ 10 ಕಾಯಿಗಳಿವೆ, 50ನೇ ನಡೆಯಲ್ಲಿ ಬಿಳಿ ಎಫ್6ರ ಪಾನನ್ನು ಹೊಡೆದಾಗ 8 ಉಳಿಯುತ್ತವೆ. ಅಲ್ಲಿಂದ ಇನ್ನೆರಡು ಹೊಡೆತವಾದರೆ ಟೇಬಲ್‌ಬೇಸ್ ಇರುವ ಎಂಜಿನ್‌ಗೆ ಸಿದ್ಧ ಉತ್ತರವೇ ದೊರೆಯುತ್ತದೆ.

ಅಂಕಿಯ ವಿಚಾರ. 2022ರ ಡಿಸೆಂಬರ್‌ನಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಈಚೆಗೆ +1.00 ಎಂದರೆ ಒಂದು ಪಾನ್ ಹೆಚ್ಚು ಎಂದಲ್ಲ; ಎಂಜಿನ್ ತನ್ನ ವಿರುದ್ಧ ತಾನೇ ಆಡಿದರೆ ಗೆಲ್ಲುವ ಸಾಧ್ಯತೆ ಶೇ 50 ಎಂದು. ಹಳೆಯ ಆವೃತ್ತಿಯ +1.50ನ್ನು ಹೊಸದರ +1.50ರ ಪಕ್ಕ ಇಡಲಾಗದು, ಲೀಲಾದ ಅಂಕಿಯ ಪಕ್ಕವಂತೂ ಇಡಲೇಬಾರದು. ಗೆಲುವು, ಡ್ರಾ, ಸೋಲುಗಳನ್ನು ಸಾವಿರಕ್ಕೆ ಹಂಚಿ ತೋರಿಸುವ ಆಯ್ಕೆ ಎರಡರಲ್ಲೂ ಇದೆ, ಓದುಗರಿಗೆ ಅದೇ ಹೆಚ್ಚು ಅರ್ಥವಾಗುತ್ತದೆ. ಬ್ರೌಸರ್‌ನಲ್ಲಿ ಓಡುವ ಎಂಜಿನ್‌ಗೆ ಹ್ಯಾಶ್ ಕಡಿಮೆ, ಕೆಲವೆಡೆ ನರಜಾಲವೂ ಚಿಕ್ಕದು. ಮತ್ತೆ ಕೆಲವೆಡೆ ಕಾಣುವುದು ಬೇರೆ ಯಾರೋ ಹಿಂದೆ ಮಾಡಿಟ್ಟ ವಿಶ್ಲೇಷಣೆ.

ಆದ್ದರಿಂದ ನಮ್ಮದೊಂದು ಕೋರಿಕೆ. ಚೆಸ್ ಸ್ಥಿತಿಯ ಚಿತ್ರ ಅಚ್ಚಾಗುವಾಗಲೆಲ್ಲ ಅದರ ಕೆಳಗೆ ಒಂದೇ ಒಂದು ಸಾಲು ಸೇರಿಸಿ. ಉದಾಹರಣೆಗೆ: ‘ಕಪ್ಪಿನ ನಡೆ, ಕ್ಯಾಸಲಿಂಗ್ ಇಲ್ಲ, ಸ್ಟಾಕ್‌ಫಿಶ್ 17, 4 ಥ್ರೆಡ್, 1024 ಎಂಬಿ ಹ್ಯಾಶ್, 3 ನಿಮಿಷ, ಟೇಬಲ್‌ಬೇಸ್ ಇಲ್ಲ.’

ಇಂತಿ,
ಚೆಸ್ ವಿಶ್ಲೇಷಣೆಯಲ್ಲಿ ಆಸಕ್ತರಾದ ಓದುಗರು