ಭಾನುವಾರದ ಆ ಒಂದು ಗಂಟೆ ನಮಗೆ ವಾಪಸ್ ಕೊಡಿ

ಇವರಿಗೆ,
ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು,
ರೇಡಿಯೋ ಕೇಂದ್ರ.

ವಿಷಯ: ಭಾನುವಾರ ಬೆಳಗಿನ ಹರಟೆ ಕಾರ್ಯಕ್ರಮವನ್ನು ಹೇಳದೆ ಕೇಳದೆ ನಿಲ್ಲಿಸಿರುವ ಬಗ್ಗೆ ದೂರು.

ಮಾನ್ಯರೇ, ನಮಸ್ಕಾರ.

ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇದೆ. ಭಾನುವಾರವೂ ಒಲೆ ಉರಿಯಲೇಬೇಕು. ಕಾದ ಮರಳಿಗೆ ಅಕ್ಕಿ ಸುರಿದ ಮೇಲೆ ಕಣ್ಣು ಆಚೀಚೆ ಹೋಗುವಂತಿಲ್ಲ, ಒಂದು ಗಳಿಗೆ ತಡವಾದರೂ ಸೀದು ಹೋಗುತ್ತದೆ. ಟಿವಿ, ಮೊಬೈಲ್ ನೋಡುತ್ತಾ ಮಾಡುವ ಕೆಲಸ ಅಲ್ಲ ಇದು. ನಮಗೆ ರೇಡಿಯೋ ಒಂದೇ ಜೊತೆ. ಎಂಟು ಗಂಟೆಗೆ ನಿಮ್ಮ ಕಾರ್ಯಕ್ರಮ ಶುರುವಾಯಿತು ಅಂದರೆ ಭಟ್ಟಿಯಲ್ಲಿದ್ದ ಆರು ಜನರೂ ಮಾತು ನಿಲ್ಲಿಸಿ ಕೇಳುತ್ತಿದ್ದೆವು.

ಐದು ವಾರದಿಂದ ಅದು ಬರುತ್ತಿಲ್ಲ. ಅದೇ ಹೊತ್ತಿಗೆ, ಅದೇ ಹೆಸರಲ್ಲಿ, ಬೆಂಗಳೂರಿನಲ್ಲಿ ಮಾಡಿ ಎಲ್ಲ ಊರಿಗೂ ಹಂಚುವ ಇನ್ನೊಂದು ಬರುತ್ತಿದೆ. ಕಳೆದ ವಾರ ಹತ್ತು ನಿಮಿಷ ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆಯೇ ನಕ್ಕರು. ನಮಗೆ ನಗು ಬರಲಿಲ್ಲ. ನಿಮ್ಮ ಹಳೆಯ ನಿರೂಪಕರು ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಬಗ್ಗೆ ಎರಡು ಮಾತು ಆಡಿದರೆ ಸಾಕಿತ್ತು. ಅಲ್ಲಿ ನಿಂತು ಕಾಯದವರು ಈ ಊರಲ್ಲಿ ಯಾರಿದ್ದಾರೆ?

ಅದು ಬರೀ ತಮಾಷೆ ಕಾರ್ಯಕ್ರಮ ಅಂತ ನಿಮಗೆ ಅನಿಸಿರಬಹುದು. ಆದರೆ 2022ರಲ್ಲಿ ವಾಣಿವಿಲಾಸ ಸಾಗರ ಡ್ಯಾಮ್ ಕೋಡಿ ಬಿದ್ದಿತಲ್ಲ, 1933 ಆದ ಮೇಲೆ ಅದೇ ಮೊದಲು. ಆ ಭಾನುವಾರ ಹಿರಿಯೂರು ಕಡೆಯ ಒಬ್ಬ ಅಜ್ಜ ನಿಮಗೆ ಫೋನ್ ಮಾಡಿದ್ದರು. ಹಿಂದಿನ ಕೋಡಿ ನೋಡಲು ತಮ್ಮ ಅಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿದ್ದ ಕಥೆ ಹೇಳಿದರು. ಮಾತಿನುದ್ದಕ್ಕೂ ಆ ಡ್ಯಾಮಿಗೆ ಹಳೆಯ ಹೆಸರಾದ ‘ಮಾರಿಕಣಿವೆ’ ಅಂತಲೇ ಅನ್ನುತ್ತಿದ್ದರು. 89 ವರ್ಷದ ಹಿಂದಿನ ಸಂಗತಿ ಮನೆ ಮಾತಿನಂತೆ ಕಿವಿಗೆ ಬಿತ್ತು. ನಮ್ಮ ಭಟ್ಟಿಯ ಹುಡುಗರು ಮುಂದಿನ ವಾರವೇ ಡ್ಯಾಮ್ ನೋಡಿ ಬಂದರು. ಇನ್ನೊಂದು ಸಲ ಬೆಣ್ಣೆದೋಸೆ ಹಿಟ್ಟಿಗೆ ಮಂಡಕ್ಕಿ ಎಷ್ಟು ಹಾಕಬೇಕು ಅಂತ ಇಬ್ಬರು ಅಜ್ಜಿಯರು ವಾದಕ್ಕೆ ಬಿದ್ದರು. ಒಬ್ಬರು ಒಂದು ಹಿಡಿ ಸಾಕು ಅಂದರು, ಇನ್ನೊಬ್ಬರು ಅದೆಲ್ಲಿ ಸಾಲುತ್ತದೆ ಅಂದರು. ಮಂಡಕ್ಕಿ ಮಾಡುವವರು ನಾವು, ನಮಗೆ ಎಷ್ಟು ಖುಷಿ ಆಗಿರಬೇಡ! ಬೆಂಗಳೂರಿನಿಂದ ಬರುವ ಕಾರ್ಯಕ್ರಮಕ್ಕೆ ಆ ಅಜ್ಜಿಯರು ಫೋನ್ ಮಾಡುತ್ತಾರಾ?

ನಿಮ್ಮ ಕೇಂದ್ರಕ್ಕೆ ಎರಡು ಸಲ ಫೋನ್ ಮಾಡಿದೆ. ‘ಮೇಲಿನವರ ತೀರ್ಮಾನ’ ಅಂದು ಇಟ್ಟುಬಿಟ್ಟರು. ಕಾರ್ಡ್ ಬರೆದೆ, ಉತ್ತರ ಇಲ್ಲ.

ಖರ್ಚು ಜಾಸ್ತಿ ಆಗುತ್ತದೆ ಅನ್ನುವುದಾದರೆ ಒಂದು ಗಂಟೆಯಲ್ಲಿ ಅರ್ಧ ಗಂಟೆಯಾದರೂ ನಮ್ಮ ಊರಿನ ನಿರೂಪಕರಿಗೆ ಬಿಡಿ. ಕೇಳುಗರ ಫೋನ್ ಕರೆ ಮಾತ್ರ ತೆಗೆಯಬೇಡಿ. ಅಲ್ಲಿಯವರೆಗೆ ಹಳೆಯ ಹೆಸರನ್ನು ಹೊಸ ಕಾರ್ಯಕ್ರಮಕ್ಕೆ ಬಳಸಬೇಡಿ, ಪ್ರತಿ ವಾರ ಆಸೆಯಿಂದ ರೇಡಿಯೋ ಹಾಕಿ ನಿರಾಸೆಯಾಗುತ್ತಿದೆ. ಏನು ಮಾಡುತ್ತೀರಿ ಅನ್ನುವುದನ್ನು ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ. ಭಟ್ಟಿಯ ಆರೂ ಜನರ ಸಹಿ ಕೆಳಗಿದೆ.

ಇಂತಿ,
ನಿಮ್ಮ ಕೇಳುಗರು,
ದಾವಣಗೆರೆ