ಯೋಚಿಸಲು ಸಿಗುವ ಆ ಕೆಲವು ನಿಮಿಷ

ಪ್ರೀತಿಯ ಗೆಳೆಯ,

ನಮ್ಮ ಅಗ್ನಿ-5 ಕ್ಷಿಪಣಿ ಬಗ್ಗೆ ನೀನು ಬರೆದದ್ದು ಓದಿದೆ. ಒಂದೇ ಕ್ಷಿಪಣಿ ಹಲವು ಸಿಡಿತಲೆ ಹೊತ್ತೊಯ್ಯಬಲ್ಲದು ಅಂತ 2024ರ ಮಾರ್ಚ್‌ನಲ್ಲಿ ತೋರಿಸಿದಾಗ ನನಗೂ ಹೆಮ್ಮೆಯಾಗಿತ್ತು. ಆದರೆ "ಇನ್ನು ನಮ್ಮ ತಂಟೆಗೆ ಯಾರೂ ಬರೋದಿಲ್ಲ" ಅನ್ನುವ ನಿನ್ನ ಮಾತನ್ನು ಒಪ್ಪಲು ಆಗುತ್ತಿಲ್ಲ.

ಅಣುಬಾಂಬ್ ಇರುವ ಎರಡು ದೇಶಗಳನ್ನು ತಡೆದು ನಿಲ್ಲಿಸಿರುವುದು ತಿರುಗೇಟಿನ ಭಯ, ನಿಜ. ಆದರೆ ಎದುರಿನಿಂದ ಬರುತ್ತಿರುವುದು ಏನು ಅಂತ ನೋಡಿ, ತೀರ್ಮಾನಿಸಲು ಸಮಯವೂ ಬೇಕಲ್ವಾ? ಹೊಸ ಆಯುಧಗಳು ಕಿತ್ತುಕೊಳ್ಳುತ್ತಿರುವುದು ಅದನ್ನೇ.

2022ರ ಮಾರ್ಚ್ 9 ನೆನಪಿದೆಯಾ? ನಮ್ಮ ಕಡೆಯಿಂದ ಒಂದು ಬ್ರಹ್ಮೋಸ್ ಆಕಸ್ಮಿಕವಾಗಿ ಹಾರಿ, ಪಾಕಿಸ್ತಾನದ ಮಿಯಾ ಚನ್ನು ಬಳಿ ಬಿತ್ತು. ಶಬ್ದದ ಸುಮಾರು ಮೂರು ಪಟ್ಟು ವೇಗದ ಕ್ಷಿಪಣಿ ಅದು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ತಾಂತ್ರಿಕ ದೋಷದಿಂದ ಹೀಗಾಯಿತು ಅಂತ ನಮ್ಮ ಸರ್ಕಾರ ಬಹಿರಂಗವಾಗಿ ಹೇಳಿದ್ದು ಮಾರ್ಚ್ 11ಕ್ಕೆ. ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು. ಆಗ ಗಡಿಯಲ್ಲಿ ಕದನವಿರಾಮ ಇತ್ತು. ಇದೇ ಘಟನೆ 2025ರ ಮೇ ತಿಂಗಳಲ್ಲಿ, ಎರಡೂ ಕಡೆಯ ಡ್ರೋನ್, ಕ್ಷಿಪಣಿಗಳು ಹಾರುತ್ತಿದ್ದಾಗ ಆಗಿದ್ದರೆ? ಆಕಸ್ಮಿಕ ಅಂದರೆ ಯಾರು ನಂಬುತ್ತಿದ್ದರು? ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಬೇಗ ತೀರ್ಮಾನಿಸಲು ಎಐ ಇದೆಯಲ್ಲ ಅನ್ನುತ್ತೀಯ. 1983ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಿಂದ ಐದು ಕ್ಷಿಪಣಿ ಬರುತ್ತಿವೆ ಅಂತ ಸೋವಿಯತ್ ಕಂಪ್ಯೂಟರ್ ಹೇಳಿತ್ತು. ಮೋಡಗಳ ಮೇಲೆ ಹೊಳೆದ ಬಿಸಿಲನ್ನು ಉಪಗ್ರಹ ಹಾಗೆ ತಿಳಿದಿತ್ತು. ನಿಜವಾಗಿ ಯುದ್ಧ ಮಾಡುವವರು ಐದೇ ಕ್ಷಿಪಣಿ ಕಳಿಸ್ತಾರಾ ಅಂತ ಅನುಮಾನಪಟ್ಟದ್ದು ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ. ಅಮೆರಿಕದಿಂದ ರಷ್ಯಾಕ್ಕೆ ಕ್ಷಿಪಣಿ ಬರಲು ಸುಮಾರು ಅರ್ಧ ಗಂಟೆ ಬೇಕು. ಭಾರತ–ಪಾಕಿಸ್ತಾನದ ನಡುವೆ ಕೆಲವೇ ನಿಮಿಷ ಸಾಕು. ಅಷ್ಟರಲ್ಲಿ ಅನುಮಾನಪಡಲು ಮನುಷ್ಯನಿಗೆ ಅವಕಾಶವೇ ಇಲ್ಲದ ಹಾಗೆ ಮಾಡಿದರೆ ಅದು ಭದ್ರತೆ ಹೇಗಾದೀತು?

ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು ಅಂತ ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ಮತ್ತು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ 2024ರ ನವೆಂಬರ್‌ನಲ್ಲಿ ಪೆರುವಿನ ಲಿಮಾದಲ್ಲಿ ಒಪ್ಪಿದರು. ಬರೀ ಮಾತೇ ಇರಬಹುದು, ಆದರೂ ಆ ಮಾತು ಆಯಿತು.

ಭಾರತ–ಪಾಕಿಸ್ತಾನದ ನಡುವೆಯೂ ಒಪ್ಪಂದಗಳಿವೆ. ಪರಸ್ಪರರ ಅಣು ಸ್ಥಾವರಗಳ ಪಟ್ಟಿಯನ್ನು 1992ರಿಂದ ಪ್ರತಿ ಜನವರಿ 1ರಂದು ಕೊಡುತ್ತಾರೆ. ಕಾರ್ಗಿಲ್ ಆದ ಮೇಲೂ ಅದು ನಿಲ್ಲಲಿಲ್ಲ. 2005ರ ಒಪ್ಪಂದದ ಪ್ರಕಾರ ಬ್ಯಾಲಿಸ್ಟಿಕ್ ಕ್ಷಿಪಣಿ (ಎತ್ತರಕ್ಕೆ ಚಿಮ್ಮಿ, ಬಾಗಿ ಬಂದು ಬೀಳುವಂಥದ್ದು) ಪರೀಕ್ಷೆಗೆ ಕನಿಷ್ಠ ಮೂರು ದಿನ ಮುಂಚೆ ತಿಳಿಸಬೇಕು. ಆದರೆ ಬ್ರಹ್ಮೋಸ್‌ನಂಥ, ವಿಮಾನದ ಹಾಗೆ ಹಾರಿಕೊಂಡು ಹೋಗುವ ಕ್ರೂಸ್ ಕ್ಷಿಪಣಿ ಆ ಒಪ್ಪಂದದಲ್ಲಿ ಇಲ್ಲ. ಡ್ರೋನ್ ಕೂಡ ಇಲ್ಲ. ದಾರಿ ತಪ್ಪಿ ಹಾರಿದ್ದು ಯಾವುದೋ ಅದೇ ಒಪ್ಪಂದದ ಹೊರಗಿದೆ, ನೋಡು. ಅದನ್ನು ಸೇರಿಸಿ ಅಂತ ಕೇಳುವುದು ದೇಶದ ವಿರುದ್ಧ ಮಾತಾಡಿದಂತೆ ಅಲ್ಲ.

ನೀನು ಬೆಂಗಳೂರಿನಲ್ಲಿ ಡ್ರೋನ್‌ಗಳಿಗೆ ಸಾಫ್ಟ್‌ವೇರ್ ಬರೆಯುವವನು. ನಿನ್ನ ಮೇಲೆ ನನಗೆ ಜಾಸ್ತಿ ನಂಬಿಕೆ. ಮುಂದಿನ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳು: ಹಾರಿಬಿಟ್ಟ ಮೇಲೆ ವಾಪಸ್ ಕರೆಯಲು ಆಗುತ್ತದಾ, ಸಂಪರ್ಕ ಕಡಿದರೆ ಅದು ಏನು ಮಾಡುತ್ತದೆ? ಉತ್ತರ ಏನು ಬಂತು ಅಂತ ನನಗೂ ಬರೆ.

ನಿನ್ನ ಗೆಳೆಯ