ನಕ್ಕಿದ್ದಕ್ಕೆ ಎದ್ದು ಹೋದ ಮಗನಿಗೆ

ಮದ್ದೂರು ಸೀಮೆ
ಸಂಕ್ರಾಂತಿ ಕಳೆದ ನಾಲ್ಕನೇ ದಿನ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದ.

ಫೋನಿನಲ್ಲೇ ಹೇಳೋಣ ಅಂದುಕೊಂಡೆ. ಆದರೆ ನೀನು ‘ಹೂಂ ದೊಡ್ಡಮ್ಮ, ಸರಿ ದೊಡ್ಡಮ್ಮ’ ಅಂತ ಎರಡು ನಿಮಿಷಕ್ಕೆ ಇಟ್ಟುಬಿಡುತ್ತೀಯ. ಅದಕ್ಕೇ ಮೊಮ್ಮಗಳ ನೋಟ್‌ಬುಕ್ಕಿನಿಂದ ನಾಲ್ಕು ಹಾಳೆ ಹರಿದುಕೊಂಡು ಕೂತಿದ್ದೇನೆ. ಬೈಯುತ್ತಾಳೆ, ಬೈಯಲಿ.

ಹಬ್ಬದ ಸಂಜೆ ಕಿಚ್ಚು ಹಾಯಿಸುವಾಗ ನೀನು ನಕ್ಕಿದ್ದನ್ನು ನಾನು ನೋಡಿದೆ. ಆ ಕೆಂದೆತ್ತು ಬೆಂಕಿ ಕಂಡು ಹಿಂದಕ್ಕೆ ತಿರುಗಿತು. ನನ್ನ ತಮ್ಮ, ನಿನ್ನ ಸೋದರಮಾವ, ಹಗ್ಗ ಬಿಡದೆ ಅದರ ಹಿಂದೆಯೇ ಓಡಿದ. ಪಂಚೆ ಬೇಲಿಗೆ ಸಿಕ್ಕಿಕೊಂಡಿತು. ಪಟಾಪಟಿ ಚಡ್ಡಿಯಲ್ಲಿ ನಿಂತ. ಊರಿಗೆ ಊರೇ ನಕ್ಕಿತು. ನೀನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿನ್ನ ಮಗಳು ಪುಟ್ಟಿ ಬೆಂಕಿ ನೋಡುವುದು ಬಿಟ್ಟು ನಿನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ನಿನ್ನ ಮುಖ ಕಪ್ಪಿಟ್ಟಿತು. ಮಗುವನ್ನು ಎಳೆದುಕೊಂಡು ಕಾರು ಹತ್ತಿದೆ. ನಿನಗೆ ಅಂತಲೇ ಮಾಡಿದ್ದ ಹಿತಕಿದ ಬೇಳೆ ಸಾರು ಪಾತ್ರೆಯಲ್ಲೇ ಉಳಿಯಿತು.

ಹೆಂಡತಿ ತೀರಿಹೋಗಿ ಐದು ತಿಂಗಳಾಗಿಲ್ಲ, ಆಗಲೇ ಹಲ್ಲು ಬಿಡುತ್ತಿದ್ದೀನಲ್ಲ ಅನ್ನಿಸಿತು, ಅಲ್ವಾ?

ನಿಮ್ಮ ದೊಡ್ಡಪ್ಪ ಹೋಗಿದ್ದು 2017ರ ಬೇಸಿಗೆಯಲ್ಲಿ. ಕನ್ನಂಬಾಡಿ ಕಟ್ಟೆಯಲ್ಲಿ ನೀರಿಲ್ಲ, ನಾಲೆ ಒಣಗಿತ್ತು, ಗದ್ದೆಯಲ್ಲಿ ನಿಂತಿದ್ದ ಕಬ್ಬು ಸೌದೆಯಾಗಿತ್ತು. ಮೂರನೇ ದಿನ ಹಾಲುತುಪ್ಪ ಬಿಡಲು ಸಮಾಧಿ ಹತ್ತಿರ ಹೋದೆವು. ಅವರಿಗೆ ಇಷ್ಟವಾದದ್ದೆಲ್ಲ ಎಲೆ ಮೇಲೆ ಇಟ್ಟೆವು. ಮುದ್ದೆ, ಮದ್ದೂರು ವಡೆ, ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಎಲ್ಲರೂ ಕೈಮುಗಿದು ನಿಂತಿದ್ದಾಗ ನನ್ನ ಮೊಮ್ಮಗ, ಆಗ ಅವನಿಗೆ ಐದು ವರ್ಷ, ಜೋರಾಗಿ ಕೇಳಿದ: ‘ಬೆಂಕಿಪೊಟ್ಟಣ ಇಟ್ಟೇ ಇಲ್ವಲ್ಲ, ತಾತ ಬೀಡಿ ಹೆಂಗೆ ಹಚ್ಕೊಳ್ಳುತ್ತೆ?’

ನಲವತ್ತು ವರ್ಷ ದಿನಾ ಬೆಳಿಗ್ಗೆ ‘ಲೇ, ಬೆಂಕಿಪೊಟ್ಣ ಎಲ್ಲಿಟ್ಟೆ’ ಅಂತ ಮನೆಯೆಲ್ಲ ತಡಕಾಡಿದ ಮನುಷ್ಯ ಅವರು. ಮೊದಲು ನಕ್ಕಿದ್ದು ನಾನೇ. ತಡೆಯಲು ಆಗಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಹಿರಿಯಳು ‘ಮೂರು ದಿನ ಆಗಿಲ್ಲ, ನೋಡು ಇವಳನ್ನ’ ಅಂದಳು. ಮೆಲ್ಲಗೇ ಅಂದಳು. ಕೇಳಿಸಿತು.

ಆ ಮಾತಿಗೆ ಒಂದು ವರ್ಷ ಹೆದರಿದೆ ಮಗಾ. ರೇಡಿಯೋ ಹಾಕಲಿಲ್ಲ. ಜಗಲಿ ಮೇಲೆ ಕೂರಲಿಲ್ಲ. ಯಾರಾದರೂ ತಮಾಷೆ ಮಾಡಿದರೆ ಎದ್ದು ಒಳಗೆ ಹೋದೆ. ವಡೆ ಕೊಟ್ಟರೆ ಬೇಡ ಅಂದೆ. ಹಾಗೆ ಮಾಡಿದ್ದರಿಂದ ದುಃಖ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ. ನಿಮ್ಮ ದೊಡ್ಡಪ್ಪನಿಗೂ ಅದರಿಂದ ಏನೂ ಸಿಗಲಿಲ್ಲ.

ಅವರಿಗೆ ದಿನಾ ಪೇಪರಿನಲ್ಲಿ ಮೊದಲು ನೋಡಬೇಕಿದ್ದದ್ದು ಕಟ್ಟೆಯ ನೀರಿನ ಮಟ್ಟ. ನಮ್ಮ ಕಡೆ ಮಕ್ಕಳಿಗೆ ಮಗ್ಗಿ ಬರುತ್ತೋ ಇಲ್ಲವೋ, ಕನ್ನಂಬಾಡಿ ತುಂಬಲು 124.80 ಅಡಿ ಬೇಕು ಅನ್ನುವುದು ಗೊತ್ತಿರುತ್ತದೆ. ಕೊನೆಯ ವರ್ಷಗಳಲ್ಲಿ ಆ ಅಂಕಿ ನೋಡಿ ಪೇಪರ್ ಮಡಚಿ ಎಸೆಯುತ್ತಿದ್ದರು. ಅವರು ಹೋದ ಮರುವರ್ಷ, 2018ರ ಜುಲೈನಲ್ಲಿ, ಕಟ್ಟೆ ತುಂಬಿತು. ನಾಲ್ಕು ವರ್ಷದ ಮೇಲೆ!

ನಾಲೆಗೆ ನೀರು ಬಿಟ್ಟ ಸುದ್ದಿ ಬಂತು. ನಾನು ಚಪ್ಪಲಿಯೂ ಹಾಕದೆ ಗದ್ದೆ ಕಡೆ ಹೋದೆ. ಕಾಲುವೆಯಲ್ಲಿ ಮೊದಲು ಬರುವುದು ನೀರಲ್ಲ, ಕಸ. ಒಣಗಿದ ಕಬ್ಬಿನ ಗರಿ, ಪ್ಲಾಸ್ಟಿಕ್ ಬಾಟಲಿ, ಯಾರದೋ ಒಂಟಿ ಚಪ್ಪಲಿ, ಅದರ ಹಿಂದೆ ನೊರೆ, ನೊರೆಯ ಹಿಂದೆ ಕೆಂಪು ನೀರು. ಬಿರುಕು ಬಿಟ್ಟ ಮಣ್ಣು ಅದನ್ನು ಗುಳುಗುಳು ಅಂತ ಕುಡಿಯುತ್ತಿತ್ತು. ಕಾಲಿಟ್ಟೆ. ತಣ್ಣಗಿತ್ತು. ಎಷ್ಟು ಖುಷಿಯಾಯಿತು ಅಂದರೆ ‘ರೀ, ಬಂತು ನೋಡ್ರೀ’ ಅಂತ ಹಿಂದೆ ತಿರುಗಿದೆ.

ಯಾರೂ ಇರಲಿಲ್ಲ. ಬದುವಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಅಳುತ್ತಿದ್ದಾಗಲೂ ಕಾಲು ನೀರಲ್ಲೇ ಇತ್ತು, ಹಿತವಾಗಿಯೇ ಇತ್ತು. ಅವರಿಲ್ಲ ಅನ್ನುವುದೂ ನಿಜ, ನೀರು ಬಂತು ಅನ್ನುವುದೂ ನಿಜ. ಒಂದು ಬಂದದ್ದಕ್ಕೆ ಇನ್ನೊಂದು ಎದ್ದು ಹೋಗಲಿಲ್ಲ. ಮನೆಗೆ ಬಂದು ಟೀ ಜೊತೆ ಎರಡು ವಡೆ ತಿಂದೆ. ಮೂರು ತಿಂದೆನೋ ಏನೋ.

ಮೊಮ್ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮನಶ್ಶಾಸ್ತ್ರ ಓದುತ್ತಾಳಲ್ಲ, ಅವಳಿಗೆ ಇದನ್ನು ಹೇಳಿದೆ. ಹಾಲೆಂಡಿನಲ್ಲಿ ಸ್ಟ್ರೋಬ್, ಶುಟ್ ಅನ್ನುವ ಇಬ್ಬರು 1999ರಲ್ಲಿ ಇದನ್ನೇ ಬರೆದಿದ್ದಾರಂತೆ. ಹತ್ತಿರದವರನ್ನು ಕಳೆದುಕೊಂಡವರು ಒಂದಷ್ಟು ಹೊತ್ತು ದುಃಖದಲ್ಲಿ ಇರುತ್ತಾರೆ, ಒಂದಷ್ಟು ಹೊತ್ತು ಅದನ್ನು ಬಿಟ್ಟು ಬೇರೆ ಕಡೆ ತಿರುಗುತ್ತಾರೆ, ಹೀಗೆ ಹೋಗಿ ಬಂದು ಮಾಡುತ್ತಲೇ ಸುಧಾರಿಸಿಕೊಳ್ಳುತ್ತಾರೆ ಅಂತ. ನಾನು ಅಂದೆ, ಇದು ನಮ್ಮ ಕಟ್ಟು ಪದ್ಧತಿ ಕಣೇ. ಕಟ್ಟೆಯಲ್ಲಿ ನೀರು ಕಮ್ಮಿ ಇದ್ದಾಗ ನಾಲೆಗೆ ಒಂದಷ್ಟು ದಿನ ಬಿಡುತ್ತಾರೆ, ಒಂದಷ್ಟು ದಿನ ನಿಲ್ಲಿಸುತ್ತಾರೆ. ನಿನ್ನ ಸರದಿ ರಾತ್ರಿ ಎರಡು ಗಂಟೆಗೆ ಬಂದರೂ ಸನಿಕೆ ಹಿಡಿದುಕೊಂಡು ಹೋಗಿ ಗದ್ದೆಗೆ ನೀರು ಬಿಡುವ ಮಡೆ ತಿರುಗಿಸಬೇಕು. ಈಗ್ಯಾಕೆ ಬಂತು, ನನಗೆ ಬೇಕಾ ಅಂತ ಕೂತರೆ ಪಕ್ಕದವನ ಗದ್ದೆಗೆ ಹೋಗುತ್ತದೆ. ಕಿಚ್ಚಿನ ಹತ್ತಿರ ನಿನಗೆ ಬಂದದ್ದು ನಿನ್ನ ಸರದಿ. ನೀನು ಮಡೆ ಕಟ್ಟಿಬಿಟ್ಟೆ.

ಖುಷಿಯಾಗಿರು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಬರುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಹುಡುಕಿಕೊಂಡು ಹೋಗಬೇಡ. ಬಂದದ್ದನ್ನು ಓಡಿಸಬೇಡ, ಅಷ್ಟೇ.

ಪುಟ್ಟಿ ನನಗೆ ಒಂದೆರಡು ಚಾಡಿ ಹೇಳಿದ್ದಾಳೆ. ಕುಕ್ಕರಹಳ್ಳಿ ಕೆರೆಗೆ ಹೋಗುವುದನ್ನೇ ಬಿಟ್ಟಿದ್ದೀಯಂತೆ. ಇಬ್ಬರೂ ದಿನಾ ನಡೆಯುತ್ತಿದ್ದ ಏರಿ ಅದು, ಒಬ್ಬನೇ ಹೋಗಲು ಕಷ್ಟವೇ. ಒಂದು ಭಾನುವಾರ ಮಗುವಿನ ಜೊತೆ ಹೋಗು. ಹೆಜ್ಜಾರ್ಲೆ ಹಕ್ಕಿ ನೀರಿಗಿಳಿಯುವಾಗ ಕಾಲು ಮುಂದೆ ಚಾಚಿಕೊಂಡು ಜಾರಿಕೊಂಡು ಬರುತ್ತದಲ್ಲ, ಅದನ್ನು ತೋರಿಸು. ಅಳು ಬಂದರೆ ಅಲ್ಲೇ ಕೂತು ಅಳು. ಮಗು ಅಳುವುದನ್ನೂ ನೋಡಲಿ, ನಗುವುದನ್ನೂ ನೋಡಲಿ. ಅಮ್ಮ ಹೋದ ಮೇಲೆ ಮನೆಯಲ್ಲಿ ನಗಬಹುದೋ ಬಾರದೋ ಅಂತ ಅವಳು ನಿನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಾಳೆ. ಆ ಸಂಜೆ ಅವಳಿಗೆ ಏನು ಉತ್ತರ ಸಿಕ್ಕಿತು ಅಂತ ಯೋಚನೆ ಮಾಡು.

ಇನ್ನೊಂದು, ಆ ಸಾರಿನ ಪುಡಿ. ಪುಟ್ಟಿಯ ಅಮ್ಮ ಮಾಡಿಸಿಟ್ಟ ಕೊನೆಯ ಡಬ್ಬ ಅಂತ ಮುಚ್ಚಳ ತೆಗೆಯದೆ ಇಟ್ಟು, ದಿನಾ ಹೋಟೆಲಿನಿಂದ ಪಾರ್ಸೆಲ್ ತರುತ್ತೀಯಂತೆ. ವರ್ಷದೊಳಗೆ ಹಬ್ಬ ಮಾಡಬಾರದು ಅಂದಿದ್ದಾರೆ ಹಿರಿಯರು. ಸಾರಿಗೆ ಒಗ್ಗರಣೆ ಹಾಕಬಾರದು ಅಂತ ಯಾರೂ ಅಂದಿಲ್ಲ. ಅವಳು ಬಿಸಿಲಲ್ಲಿ ಮೆಣಸಿನಕಾಯಿ ಒಣಗಿಸಿದ್ದು ನೀವಿಬ್ಬರೂ ಉಣ್ಣಲಿ ಅಂತ. ಸುಮ್ನೆ ಇಟ್ಟರೆ ಹುಳ ಬೀಳುತ್ತದೆ. ಬೇಕಾದರೆ ಎರಡು ಚಮಚ ಸಣ್ಣ ಬಾಟಲಿಗೆ ಎತ್ತಿಡು, ನಗುವುದಿಲ್ಲ. ನಿಮ್ಮ ದೊಡ್ಡಪ್ಪನ ಅರ್ಧ ಕಟ್ಟು ಬೀಡಿ ನನ್ನ ಟ್ರಂಕಿನಲ್ಲಿದೆ.

ರಾತ್ರಿ ನಿದ್ದೆಯೇ ಬರುವುದಿಲ್ಲ ಅಂದೆಯಲ್ಲ, ಅದನ್ನು ಮಾತ್ರ ನನ್ನ ಕಾಗದಕ್ಕೆ ಬಿಡಬೇಡ. ಡಾಕ್ಟರಿಗೆ ತೋರಿಸು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ, ಮನಸ್ಸಿನ ಕಷ್ಟಕ್ಕೆ ಅಂತ ಇರುವ ಸರ್ಕಾರದ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಇದನ್ನು ಬರೆ ಅಂತ ಮೊಮ್ಮಗಳು ಪಕ್ಕದಲ್ಲಿ ಕೂತು ಬರೆಸಿದಳು.

ಬರುವ ಭಾನುವಾರ ಬಾ. ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಿಗೆ ಹಕ್ಕಿ ಬಂದಿವೆ. ಆ ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಪುಟ್ಟಿಗೆ ತೋರಿಸೋಣ. ಡಬ್ಬ ತರುವುದು ಮರೆಯಬೇಡ, ಅವರೆಕಾಯಿ ಇನ್ನೂ ಸಿಗುತ್ತಿದೆ, ಹಿತಕಿದ ಬೇಳೆ ಸಾರನ್ನು ಆ ಪುಡಿಯಲ್ಲೇ ಮಾಡುತ್ತೇನೆ. ನಿನ್ನ ಮಾವನೂ ಊಟಕ್ಕೆ ಬರುತ್ತಾನೆ. ಪಂಚೆ ವಿಷಯ ಎತ್ತಬೇಡ. ಮೊನ್ನೆಯಿಂದ ಪಂಚೆ ಮೇಲೆ ಬೆಲ್ಟು ಹಾಕಿಕೊಂಡು ಓಡಾಡುತ್ತಿದ್ದಾನೆ.

ಇತಿ,
ನಿನ್ನ ದೊಡ್ಡಮ್ಮ